ನಾಲೆ ಏರಿಯ ಮೇಲೆ ನೊಣ ಕಚ್ಚಿದರೆ

ನಾಲೆಗೆ ನೀರು ಬಿಟ್ಟು ನಾಟಿ ಶುರುವಾಯಿತು ಅಂದರೆ ನಮ್ಮ ಅಂಗಡಿಗೆ ಒಂದು ದೂರು ಬರುವುದು ಗ್ಯಾರಂಟಿ. "ಅಕ್ಕೋ, ಅದ್ಯಾವ್ದೋ ಹುಳ ಕಚ್ಬುಡ್ತು, ಏನಾರ ಕೊಡಿ" ಅಂತ ಕತ್ತು ಬಗ್ಗಿಸಿ ತೋರಿಸುತ್ತಾರೆ. ನಾನು ಪಾಂಡವಪುರ ತಾಲ್ಲೂಕಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಮಾವ ಹಸು ಸಾಕಿದ್ದಾರೆ, ಗದ್ದೆಯೂ ಉಂಟು. ಹಾಗಾಗಿ ಡೀರ್ ಫ್ಲೈ ಅನ್ನುವ ಈ ಕಚ್ಚುವ ನೊಣದ ಪರಿಚಯ ಕೌಂಟರಿನ ಎರಡೂ ಕಡೆಯಿಂದ ಆಗಿದೆ.

ಮೊದಲು ಕಚ್ಚಿದ್ದು ಯಾವುದು ಅಂತ ಗೊತ್ತಾಗಬೇಕು. ಡೀರ್ ಫ್ಲೈ ಅನ್ನುವುದು ಮನೆನೊಣದಷ್ಟೇ, ಇಲ್ಲವೇ ಒಂಚೂರು ದೊಡ್ಡದು. ರೆಕ್ಕೆಯ ಮೇಲೆ ಕಪ್ಪು-ಕಂದು ಪಟ್ಟೆ ಇರುತ್ತದೆ. ಕಣ್ಣು ಹಸಿರು, ಚಿನ್ನದ ಬಣ್ಣಕ್ಕೆ ಮಿಂಚುತ್ತದೆ. ಅದೇ ಕುಟುಂಬದ ದೊಡ್ಡದು ಹಾರ್ಸ್ ಫ್ಲೈ. ದನದ ಬೆನ್ನಿಗೆ, ಕಾಲಿಗೆ ಅಂಟಿಕೊಳ್ಳುವುದು ಹೆಚ್ಚಾಗಿ ಅದು. ಕೆಲವು ಜಾತಿ ಎರಡೂವರೆ ಸೆಂಟಿಮೀಟರ್‌ವರೆಗೂ ಬೆಳೆಯುತ್ತವೆ. ಕಚ್ಚುವ ರೀತಿ, ಮದ್ದು ಎರಡಕ್ಕೂ ಒಂದೇ. ಹಾಗಾಗಿ ಊರಲ್ಲಿ ಎರಡನ್ನೂ ದನದ ನೊಣ ಅಂದುಬಿಟ್ಟರೆ ನಷ್ಟವೇನಿಲ್ಲ.

ಅಷ್ಟು ಚಿಕ್ಕ ನೊಣ ಅಷ್ಟು ಯಾಕೆ ಉರಿಸುತ್ತದೆ? ಸೊಳ್ಳೆಯದು ಸೂಜಿಯಾದರೆ ಇದರದು ಕತ್ತರಿ. ಬಾಯಲ್ಲಿರುವ ಅಲಗುಗಳಿಂದ ಚರ್ಮವನ್ನು ಕೊಯ್ದು, ಒಸರುವ ರಕ್ತವನ್ನು ಹೀರುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಜೊಲ್ಲನ್ನೂ ಸೇರಿಸುತ್ತದೆ. ನೊಣ ಹಾರಿಹೋದ ಮೇಲೂ ಒಂದು ಗೆರೆ ರಕ್ತ ಇಳಿಯುವುದು ಅದಕ್ಕೇ. ಆಮೇಲಿನ ಊತ, ನವೆ ಎಲ್ಲಾ ಆ ಜೊಲ್ಲಿಗೆ ನಮ್ಮ ಮೈ ತೋರಿಸುವ ಸಿಟ್ಟು. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಸಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ಮಕರಂದ ಕುಡಿದುಕೊಂಡು ಆರಾಮಾಗಿರುತ್ತದೆ.

ಕಚ್ಚಿದ ತಕ್ಷಣ ಮಾಡಬೇಕಾದ್ದು ಒಂದೇ, ಸೋಪು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ. ನಾಲೆ ನೀರು ಬೇಡ, ಗದ್ದೆ ನೀರಂತೂ ಬೇಡವೇ ಬೇಡ. ಕುಡಿಯಲು ತಂದ ಬಾಟಲಿ ನೀರೇ ಸಾಕು. ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಮನೆಗೆ ಬಂದ ಮೇಲೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ತೆಗೆಯಿರಿ, ಮತ್ತೆ ಇಡಿ. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಕೈ ಬೆರಳಿಗೆ ಕಚ್ಚಿದ್ದರೆ ಉಂಗುರ ಆಗಲೇ ಕಳಚಿಡಿ. ಊದಿಕೊಂಡ ಮೇಲೆ ಬರುವುದಿಲ್ಲ.

ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟ್ ಮೂರನ್ನೂ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಇದು ಕೊಯ್ದ ಗಾಯ ರೀ, ತೆರೆದ ಬಾಯಿ. ಅದರ ಮೇಲೆ ಸುಣ್ಣ ಹಾಕಿದರೆ ನೊಣ ಕಚ್ಚಿದ ಉರಿಯ ಜೊತೆಗೆ ಸುಟ್ಟ ಉರಿಯೂ ಸೇರುತ್ತದೆ. ಅರಿಶಿನದ ಬಗ್ಗೆ ನಮ್ಮ ಅತ್ತೆಯ ಜೊತೆ ನನ್ನ ವಾದ ಇನ್ನೂ ಮುಗಿದಿಲ್ಲ. ಡಬ್ಬಿಯಿಂದ ತೆಗೆದ ಅಡುಗೆ ಅರಿಶಿನ ಗಾಯಕ್ಕೆ ಹಾಕುವಷ್ಟು ಶುದ್ಧ ಇರುವುದಿಲ್ಲ, ನನ್ನ ಮಾತು ಅಷ್ಟೇ.

ನವೆಗೆ ಕ್ಯಾಲಮೈನ್ ಲೋಷನ್ ಸಾಕಾಗುತ್ತದೆ. ಅಗ್ಗ, ತಂಪು, ಮಕ್ಕಳಿಗೂ ಆಗುತ್ತದೆ. ನಿದ್ದೆಗೆಡಿಸುವಷ್ಟು ನವೆ ಇದ್ದರೆ ದೊಡ್ಡವರು ಸೆಟ್ರಿಜಿನ್ 10 ಮಿಲಿಗ್ರಾಂ ಮಾತ್ರೆ ರಾತ್ರಿ ಒಂದು ತೆಗೆದುಕೊಳ್ಳಬಹುದು. ಮಂಪರು ಬರುತ್ತದೆ, ನುಂಗಿ ಬೈಕು, ಟ್ರಾಕ್ಟರ್ ಓಡಿಸಬೇಡಿ. ಬಸುರಿಯರು, ಹಾಲೂಡಿಸುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಮಕ್ಕಳಿಗೆ ಸಿರಪ್ಪಿನ ಅಳತೆ ಬೇರೆ, ಮಾತ್ರೆ ಮುರಿದು ಅಂದಾಜಿನಲ್ಲಿ ಕೊಡಬೇಡಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಜನ ಬಂದು "ಆ ನವೆ ಟ್ಯೂಬ್ ಕೊಡಿ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಹುಳುಕಡ್ಡಿಗೆ ಹಚ್ಚುವ, ಮೂರು ನಾಲ್ಕು ಔಷಧ ಕಲೆಸಿದ ಕ್ರೀಮು. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಎರಡು ದಿನಕ್ಕೆ ಮ್ಯಾಜಿಕ್ ಥರ ನವೆ ಹೋಗುತ್ತದೆ, ಖುಷಿಯಾಗುತ್ತದೆ. ಆಮೇಲೆ ಅದನ್ನೇ ಮುಖಕ್ಕೆ, ಮಗುವಿನ ತೊಡೆಗೆ, ಸಿಕ್ಕ ಸಿಕ್ಕ ಕಡೆ ಹಚ್ಚುತ್ತಾರೆ. ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇದ್ದರೆ ವೇಷ ಬದಲಿಸಿ ಹರಡುತ್ತದೆ. ನೊಣ ಕಚ್ಚಿದ್ದಕ್ಕೆ ಅಷ್ಟೆಲ್ಲಾ ಬೇಡ. ಬೇಕೇ ಬೇಕು ಅಂದರೆ ಹೈಡ್ರೋಕಾರ್ಟಿಸೋನ್ ಒಂದು ಪರ್ಸೆಂಟ್ ಕ್ರೀಮನ್ನು ತೆಳ್ಳಗೆ, ಊದಿದ ಜಾಗಕ್ಕೆ ಮಾತ್ರ, ಕೆಲವೇ ದಿನ ಹಚ್ಚಿ. ಹಸಿ ಗಾಯದ ಮೇಲೆ ಹಚ್ಚಬೇಡಿ.

ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಅಂಗಡಿಗೆ ಬರುವ ಕೀವು ತುಂಬಿದ ಗಾಯಗಳಲ್ಲಿ ಜಾಸ್ತಿ ಪಾಲು ನೊಣದ್ದಲ್ಲ, ಕೆರೆದುಕೊಂಡ ಕೈಯದ್ದು. ಸಾಮಾನ್ಯವಾಗಿ ಊತ ಒಂದೆರಡು ದಿನಕ್ಕೆ ಇಳಿಯಲು ಶುರುವಾಗುತ್ತದೆ. ಅದರ ಬದಲು ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಬಿಸಿ ಇದ್ದು ನೋವು ಏರಿದರೆ, ಕೀವು, ಜ್ವರ ಕಂಡರೆ ಡಾಕ್ಟರ ಹತ್ತಿರ ಹೋಗಿ. ಪೆನ್ನು ತಗೊಂಡು ಕೆಂಪಿನ ಅಂಚಿಗೆ ಒಂದು ಗೆರೆ ಎಳೆದಿಟ್ಟರೆ ಹರಡುತ್ತಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಕಾಲಿಗೆ ಕಚ್ಚಿದ್ದರೆ ಇಷ್ಟೆಲ್ಲಾ ಕಾಯುವುದೂ ಬೇಡ.

"ಟಿಟಿ ಹಾಕ್ಸ್‌ಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. ಬರೀ ನೊಣ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಬೇಕಾಗಲ್ಲ. ಗಾಯಕ್ಕೆ ಸಗಣಿ, ಕೆಸರು ಸೇರಿದ್ದು, ಹಿಂದಿನ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ.

ತುಟಿ, ನಾಲಿಗೆ, ಕಣ್ಣಿನ ಸುತ್ತ ಊದಿಕೊಂಡರೆ, ಮೈತುಂಬಾ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಮಾತ್ರ ಮನೆಮದ್ದು, ಮೆಡಿಕಲ್ ಸ್ಟೋರ್ ಎರಡೂ ಬೇಡ. 108ಕ್ಕೆ ಫೋನ್ ಮಾಡಿ. ಇದು ಅಪರೂಪ, ಆದರೆ ಬಂದರೆ ನಿಮಿಷಗಳ ಲೆಕ್ಕ.

ರೋಗದ ಭಯ? ಆಫ್ರಿಕಾದ ಮಧ್ಯ ಮತ್ತು ಪಶ್ಚಿಮ ಭಾಗದಲ್ಲಿ ಈ ನೊಣ ಲೋವಾ ಲೋವಾ ಅನ್ನುವ ಹುಳುವನ್ನು ಹರಡುತ್ತದೆ, ಆ ಹುಳು ಕಣ್ಣಿನ ಬಿಳಿಯಲ್ಲೂ ಹರಿದಾಡುವುದುಂಟು. ಅಮೆರಿಕದಲ್ಲಿ ಟುಲರೀಮಿಯಾ ಅನ್ನುವ ಜ್ವರ ಹರಡಬಲ್ಲದು. ಯೂಟ್ಯೂಬ್ ನೋಡಿ ಅದನ್ನೆಲ್ಲಾ ಮಂಡ್ಯಕ್ಕೆ ತಂದು ಹೆದರಬೇಡಿ. ಮಂಗನ ಕಾಯಿಲೆಯನ್ನೂ ಇದಕ್ಕೆ ಸೇರಿಸಬೇಡಿ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದದ್ದು, ಹರಡುವುದು ಉಣ್ಣೆಯಿಂದ. ಉಣ್ಣೆ ಕಚ್ಚಿಕೊಂಡೇ ಕೂರುತ್ತದೆ, ನೊಣ ಕೊಯ್ದು ಹಾರಿಹೋಗುತ್ತದೆ. ನಮ್ಮ ಕಡೆ ಚಿಂತೆ ಮಾಡಬೇಕಾದ್ದು ದನಗಳ ಬಗ್ಗೆ. ಈ ಜಾತಿ ನೊಣಗಳು ಸರ್ರಾ ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಅನ್ನುವ ಪಶುವೈದ್ಯ 1880ರಲ್ಲಿ ಪಂಜಾಬಿನ ಕುದುರೆ, ಒಂಟೆಗಳಲ್ಲಿ ಕಂಡುಹಿಡಿದರು. ಹಸುವಿಗೆ ಜ್ವರ ಬಂದು ಬಿಟ್ಟು ಆಗುತ್ತಿದ್ದರೆ, ಮೈ ಇಳಿದು ಹಾಲು ಕಡಿಮೆಯಾದರೆ ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಕೇಳಿ.

ಇನ್ನು ಕಚ್ಚಿಸಿಕೊಳ್ಳದೇ ಇರುವುದು ಹೇಗೆ. ಇದು ಹಗಲಿನ ನೊಣ. ಬಿಸಿಲಿದ್ದು ಗಾಳಿ ಆಡದ ದಿನ ಇದರ ಕಾಟ ಜಾಸ್ತಿ. ಮೊಟ್ಟೆ ಇಡುವುದು ನೀರಿಗೆ ಬಾಗಿದ ಜೊಂಡು, ಹುಲ್ಲಿನ ಎಲೆ ಮೇಲೆ. ಮರಿಹುಳು ಕೆಸರಿಗೆ ಬಿದ್ದು ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತದೆ. ನಾಲೆ ಏರಿ, ಕೆರೆ ಅಂಚು, ಕಬ್ಬಿನ ಗದ್ದೆ ಬದು ಎಲ್ಲಾ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹಾಗಂತ ನಾಲೆ ದಡಕ್ಕೆ ವಿಷ ಹೊಡೆಯಲು ಹೋಗಬೇಡಿ. ಕೆಸರಿನೊಳಗಿನ ಹುಳು ಸಾಯುವುದಿಲ್ಲ, ಮೀನು ಸಾಯುತ್ತವೆ.

ಡೀರ್ ಫ್ಲೈ ಕಣ್ಣಿಂದ ಬೇಟೆಯಾಡುತ್ತದೆ. ಅಲುಗಾಡುವುದು, ಗಾಢ ಬಣ್ಣದ್ದು ಅದಕ್ಕೆ ಇಷ್ಟ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡ ಕರೆಯುತ್ತದೆ. ಸುತ್ತುವುದು ಹೆಚ್ಚಾಗಿ ತಲೆಯ ಸುತ್ತ, ಹಾಗಾಗಿ ಕತ್ತು, ಕಿವಿ, ನೆತ್ತಿಗೇ ಪೆಟ್ಟು. ಸೊಳ್ಳೆ ಕ್ರೀಮು ಹಚ್ಚಿದರೆ ಒಂದಿಷ್ಟು ಉಪಯೋಗ ಆಗಬಹುದು, ಸೊಳ್ಳೆಗೆ ಕೆಲಸ ಮಾಡಿದಷ್ಟು ಇದಕ್ಕೆ ಮಾಡುವುದಿಲ್ಲ. ಬಟ್ಟೆಯೇ ಮೇಲು. ನಾಟಿಗೆ ಹೋಗುವ ಹೆಂಗಸರು ಸೀರೆ ಮೇಲೆ ಗಂಡನ ಹಳೇ ಶರ್ಟು ಹಾಕಿಕೊಳ್ಳುತ್ತಾರಲ್ಲ, ಅದು ಒಳ್ಳೇ ಪದ್ಧತಿ. ತುಂಬುತೋಳಿನದು, ಬಿಳಿ ಅಥವಾ ತಿಳಿ ಬಣ್ಣದ್ದು ಆರಿಸಿ. ಕಡುನೀಲಿ, ಕಪ್ಪು ಬೇಡ. ಗಂಡಸರು ಟವೆಲನ್ನು ಹೆಗಲಿಗೆ ಹಾಕಿ ಏನು ಬಂತು, ತಲೆಗೆ ಸುತ್ತಿ ಕತ್ತಿನ ಹಿಂದೆ ಇಳಿಬಿಡಿ.

ಹಸುಗಳಿಗೆ ಒಂದು ಅನುಕೂಲ ಇದೆ. ಈ ನೊಣ ಕತ್ತಲಿರುವ ಕೊಟ್ಟಿಗೆಯೊಳಗೆ ಸುಲಭಕ್ಕೆ ನುಗ್ಗುವುದಿಲ್ಲ. ನಡುಹಗಲು ನಾಲೆ ಬದಿಯಲ್ಲಿ ಕಟ್ಟುವ ಬದಲು ನೆರಳಿನಲ್ಲಿ ಕಟ್ಟಿ, ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಮೇಯಿಸಿ. ಜಪಾನಿನಲ್ಲಿ ಕಪ್ಪು ಹಸುಗಳಿಗೆ ಝೀಬ್ರಾದ ಹಾಗೆ ಬಿಳಿ ಪಟ್ಟೆ ಬಳಿದು ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೈಮೇಲೆ ಕೂತ ಕಚ್ಚುವ ನೊಣಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆಯಾಗಿದ್ದವು. ಮಾವನಿಗೆ ಹೇಳಿದೆ. "ನಮ್ಮ ಹಸೀನ ಮೈಸೂರು ಝೂಗೆ ಎತ್ಕೊಂಡ್ ಹೋಗ್‌ಬುಡ್ತಾರೆ ಕಣವ್ವ" ಅಂದರು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಜೂನ್, ಜುಲೈನಲ್ಲಿ ಹೋಗುವ ಅಪ್ಪ ಅಮ್ಮಂದಿರು ವಾಕಿಂಗ್ ಹೋದಾಗ ಇದರ ಕೈಗೆ ಸಿಕ್ಕಿಕೊಳ್ಳುತ್ತಾರೆ. ಅಲ್ಲಿನ ಜನ ಟೋಪಿಯ ಹಿಂಭಾಗಕ್ಕೆ ಅಂಟಿನ ಪಟ್ಟಿ ಹಚ್ಚಿಕೊಂಡು ಓಡಾಡುತ್ತಾರೆ, ತಲೆ ಸುತ್ತ ಬಂದ ನೊಣ ಅದಕ್ಕೇ ಅಂಟುತ್ತದೆ. ನೀಲಿ ಬಣ್ಣಕ್ಕೆ ಜಾಸ್ತಿ ಬರುತ್ತವೆ. ನಮ್ಮಲ್ಲಿ ಅದು ಸಿಗದಿದ್ದರೆ ಗೊಬ್ಬರದ ಅಂಗಡಿಯಲ್ಲಿ ತರಕಾರಿ ಬೆಳೆಯ ನುಸಿಗೆ ಅಂತ ಮಾರುವ ನೀಲಿ ಅಂಟು ಹಾಳೆ ಕೇಳಿ. ಅಂಗೈ ಅಗಲ ಕತ್ತರಿಸಿ ಟೋಪಿಗೆ ಪಿನ್ನು ಮಾಡಿ ನೋಡಬಹುದು. ಧೂಳು ಕೂತರೆ ಅಂಟು ಹೋಗುತ್ತದೆ, ಆಗ ಬದಲಿಸಬೇಕು. ಕೂದಲಿಗೆ ತಾಗಿದರೆ ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ ಬಿಡಿಸಿ.