ಮಧುಗಿರಿಯ ಬಯಲಿನಲ್ಲಿ ಗೌಜಲಕ್ಕಿ ನೋಡಲು ಎರಡು ರಾತ್ರಿಯ ವಾಸ್ತವ್ಯ

ಗೌಜಲಕ್ಕಿ (ಗ್ರೇ ಫ್ರಾಂಕೋಲಿನ್), ಬುರ್ಲಿಯಂಥ (ಕ್ವೇಲ್) ನೆಲದ ಹಕ್ಕಿಗಳನ್ನು ಕೋವಿ ಹಿಡಿದು ಹುಡುಕುವ ಕಾಲ ನಮ್ಮಲ್ಲಿ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದೂ ಗೂಡಿನ ಮೊಟ್ಟೆಗೆ ಕೈ ಹಾಕುವುದೂ ಬೇಟೆಯೇ. ಪರವಾನಗಿ ಪಡೆದು ಬೇಟೆಯಾಡಲು ಇದ್ದ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಆದರೆ ಹಳೆಯ ಬೇಟೆಗಾರರಿಗಿದ್ದ ತಾಳ್ಮೆಯೂ ನೆಲದ ಪರಿಚಯವೂ ಹಕ್ಕಿ ನೋಡುವವರಿಗೆ ಈಗಲೂ ಬೇಕು. ಬೆಳಿಗ್ಗೆ ಬಂದು ಸಂಜೆ ಹಿಂದಿರುಗಿದರೆ ಅವು ದಕ್ಕುವುದಿಲ್ಲವಾದ್ದರಿಂದ ಕನಿಷ್ಠ ಎರಡು ರಾತ್ರಿ ತಂಗುವುದು ಒಳ್ಳೆಯದು.

ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಸೂಕ್ತ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಿನ ಸುತ್ತಲಿನ ಹಳ್ಳಿಗಳಲ್ಲಿ ತೋಟದ ಮನೆ ಹುಡುಕುವಾಗ ಕೋಣೆಯ ಅಂದಕ್ಕಿಂತ ಪಕ್ಕದ ನೆಲವನ್ನು ವಿಚಾರಿಸಬೇಕು. ಅಡಿಕೆ ತೋಟದ ನಡುವಿನ ಮನೆಗಿಂತ ರಾಗಿ, ಕಡಲೆಕಾಯಿಯ ಖುಷ್ಕಿ ಹೊಲ, ಮುಳ್ಳುಬೇಲಿ, ಬೀಳುಬಿಟ್ಟ ಗೋಮಾಳ ಇವುಗಳಿಗೆ ಅಂಟಿಕೊಂಡ ಮನೆಯೇ ಮೇಲು. ಈಜುಕೊಳ, ಧ್ವನಿವರ್ಧಕಗಳಿರುವ ರೆಸಾರ್ಟನ್ನು ಈ ಕೆಲಸಕ್ಕೆ ನಾನು ಸೂಚಿಸಲಾರೆ. ಮೀಸಲು ಪ್ರದೇಶದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಮೊದಲೇ ಸಂಪರ್ಕಿಸಬೇಕು.

ಮೊದಲ ದಿನ ಸಂಜೆ ಬದುಗಳ ಮೇಲೆ ಸುಮ್ಮನೆ ಅಡ್ಡಾಡಿ, ಗೌಜಲಕ್ಕಿಗಳು ಯಾವ ದಿಕ್ಕಿನಲ್ಲಿ ಕೂಗುತ್ತವೆ ಎಂಬುದನ್ನು ಗುರುತಿಸಿಕೊಳ್ಳಿ. ಅವು ರಾತ್ರಿ ಮುಳ್ಳಿನ ಮರ, ಪೊದೆಗಳಲ್ಲಿ ಕೂರುವುದರಿಂದ ಬೆಳಗಿನ ಜಾವ ಅಲ್ಲೇ ಹತ್ತಿರದಲ್ಲಿ ಇಳಿಯುತ್ತವೆ. ಮರುದಿನ ಬೆಳಕು ಹರಿಯುವ ಮೊದಲೇ ಜಾಲಿಯ ಮರೆಯಲ್ಲಿ ಮಂದ ಬಣ್ಣದ ಉಡುಪಿನಲ್ಲಿ ಕುಳಿತಿರಬೇಕು. ಬೈನಾಕ್ಯುಲರ್ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಇದ್ದರೆ ಸಾಕು. ಹಕ್ಕಿ ಬದುವಿಗೆ ಬಂದಾಗ ಅದರ ತಿಳಿಹಳದಿ ಗಂಟಲನ್ನು ಸುತ್ತುವರಿದ ಸಣ್ಣ ಕಪ್ಪು ಗೆರೆಯನ್ನೂ, ಗಂಡಿನ ಕಾಲಿನ ಮುಳ್ಳನ್ನೂ ನೋಡಬಹುದು. ಎದ್ದು ಹಿಂಬಾಲಿಸಿದರೆ ಅದು ಹೆಚ್ಚಾಗಿ ಹಾರದೆ, ಓಡಿ ಬೇಲಿಯೊಳಗೆ ಮಾಯವಾಗುತ್ತದೆ.

ಬುರ್ಲಿಗಳ ರೀತಿಯೇ ಬೇರೆ. ಹುಲ್ಲಿನ ಬಣ್ಣದಲ್ಲಿ ಕರಗಿ ಅಲುಗಾಡದೆ ಕುಳಿತು, ಕಾಲು ತಗಲುವಷ್ಟು ಹತ್ತಿರವಾದಾಗ ಇಡೀ ಗುಂಪು ಬುರ್‍ರೆಂದು ದಿಕ್ಕಿಗೊಂದಾಗಿ ಹಾರುತ್ತದೆ. ಆಗ ಬೆನ್ನು ಹತ್ತದೆ ನಿಂತಲ್ಲೇ ಕುಳಿತುಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಅವು ಒಂದನ್ನೊಂದು ಕರೆಯುತ್ತ ಮತ್ತೆ ಕೂಡಿಕೊಳ್ಳುತ್ತವೆ, ನಿಜವಾದ ನೋಟ ದೊರೆಯುವುದು ಆಗಲೇ. ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಸುವುದು, ನಾಯಿ ಬಿಟ್ಟು ಎಬ್ಬಿಸುವುದು ಬೇಡ.

ಬಿಸಿಲೇರಿದ ಮೇಲೆ ತಿರುಗಾಡಿ ಪ್ರಯೋಜನವಿಲ್ಲ. ಮುದ್ದೆ, ಅವರೆಕಾಳಿನ ಸಾರು ಉಂಡು ಮಲಗಿ, ಬಿಸಿಲು ಇಳಿದ ಮೇಲೆ ಹೊರಡುವುದು ಲೇಸು. ಮನೆಯವರು ಪ್ರೀತಿಯಿಂದ ಕಾಡುಹಕ್ಕಿಯ ಸಾರು ಮಾಡಿಸುತ್ತೇವೆಂದರೆ ವಿನಯದಿಂದಲೇ ಬೇಡವೆನ್ನಿ. ಬೇಲಿಯ ಕಿಂಡಿಗಳಲ್ಲಿ ಉರುಲು ಕಂಡರೆ ಊರಿನವರೊಂದಿಗೆ ಜಗಳಕ್ಕಿಳಿಯದೆ, ಜಾಗವನ್ನು ಗುರುತಿಟ್ಟುಕೊಂಡು ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.