ಇಲ್ಲಿ ಕೋರ್ಟಿನ ಮೆಟ್ಟಿಲು ಎರಡು: ನ್ಯೂಜೆರ್ಸಿಯ ಕನ್ನಡಿಗರಿಗೆ

ನ್ಯೂಜೆರ್ಸಿಗೆ ಬಂದ ಎರಡನೇ ವರ್ಷ ನನ್ನ ಹೆಸರಿಗೆ ಕೋರ್ಟಿನಿಂದ ಒಂದು ಲಕೋಟೆ ಬಂತು. ಒಡೆಯಲು ಧೈರ್ಯ ಬರದೆ ಎರಡು ದಿನ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಿದ್ದೆ. ಊರಲ್ಲಿ ಕೋರ್ಟಿನ ಕಾಗದ ಅಂದರೆ ಜಮೀನಿನ ತಗಾದೆ, ಇಲ್ಲವೇ ಪೊಲೀಸ್ ಕೇಸು, ಅಲ್ವಾ? ಒಡೆದು ನೋಡಿದರೆ ಜ್ಯೂರಿ ಕೆಲಸಕ್ಕೆ, ಅಂದರೆ ಕೋರ್ಟಿನಲ್ಲಿ ಕೂತು ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡಕ್ಕೆ, ಬನ್ನಿ ಅನ್ನುವ ಕರೆ. ಕಳಿಸಿದ್ದು ನಮ್ಮ ಕೌಂಟಿಯ ಸುಪೀರಿಯರ್ ಕೋರ್ಟ್. ನಾನಾಗ ಎಚ್-1ಬಿ ವೀಸಾದಲ್ಲಿದ್ದೆ.

ಇಂಥ ಕಾಗದ ನಿಮಗೂ ಬರಬಹುದು. ಬಂದಾಗ ಮೊದಲು ನೋಡಬೇಕಾದದ್ದು, ಅದು ರಾಜ್ಯದ ಕೋರ್ಟಿನದೋ ಫೆಡರಲ್ (ಕೇಂದ್ರದ) ಕೋರ್ಟಿನದೋ ಅಂತ.

ನಮ್ಮಲ್ಲಿ ತಾಲೂಕು ಕೋರ್ಟು, ಜಿಲ್ಲಾ ಕೋರ್ಟು, ಹೈಕೋರ್ಟು, ದಿಲ್ಲಿಯ ಸುಪ್ರೀಂ ಕೋರ್ಟು. ಒಂದೇ ಮೆಟ್ಟಿಲ ಸಾಲು. ರಾಜ್ಯದ ಕಾನೂನಾದರೂ ಕೇಂದ್ರದ ಕಾನೂನಾದರೂ ಅದೇ ಜಡ್ಜ್ ಮುಂದೆ ಹೋಗುತ್ತದೆ. ಇಲ್ಲಿ ಮೆಟ್ಟಿಲೇ ಎರಡು, ಅಕ್ಕಪಕ್ಕದಲ್ಲಿ. ಯಾಕೆ ಹೀಗೆ ಅನ್ನುವುದು ಅಮೆರಿಕದ ಸಂವಿಧಾನ ಬರೆದವರಲ್ಲಿ ಒಬ್ಬರಾದ ವಿಲಿಯಂ ಪ್ಯಾಟರ್ಸನ್ ಅವರ ಕತೆ ಓದಿದ ಮೇಲೆ ನನಗೆ ಅರ್ಥವಾಯಿತು. ಪ್ಯಾಟರ್ಸನ್ ಊರಿಗೆ ಅವರದೇ ಹೆಸರು. ಅಲ್ಲಿನ 77 ಅಡಿ ಎತ್ತರದ ಗ್ರೇಟ್ ಫಾಲ್ಸ್ ಜಲಪಾತ ನೋಡಲು ನೀವೂ ಹೋಗಿರಬಹುದು.

ಅವರೂ ವಲಸೆ ಬಂದವರೇ. 1745ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಎರಡು ವರ್ಷದ ಮಗುವಾಗಿ ಹಡಗಿನಲ್ಲಿ ಬಂದರು. ಅಪ್ಪ ಪ್ರಿನ್ಸ್‌ಟನ್‌ನಲ್ಲಿ ಅಂಗಡಿ ಇಟ್ಟಿದ್ದರು. ಕಾಲೇಜು ಅದೇ ಊರಲ್ಲಿತ್ತು. ಅಲ್ಲಿ ಓದಿ, ಆಗಿನ ಪದ್ಧತಿಯಂತೆ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕಾನೂನು ಕಲಿತರು. 1776ರಲ್ಲಿ ನ್ಯೂಜೆರ್ಸಿ ರಾಜ್ಯದ ಮೊದಲ ಅಟಾರ್ನಿ ಜನರಲ್ ಆದರು.

1787ರ ಜೂನ್ 15. ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಸಭೆ. ಸಂಸತ್ತಿನಲ್ಲಿ ಜನಸಂಖ್ಯೆಯ ಲೆಕ್ಕದಲ್ಲಿ ಸೀಟು ಹಂಚಿದರೆ ಸಣ್ಣ ರಾಜ್ಯಗಳನ್ನು ಕೇಳುವವರೇ ಇರುವುದಿಲ್ಲ ಅನ್ನುವ ಆತಂಕ. ಪ್ಯಾಟರ್ಸನ್ ಎದ್ದುನಿಂತು ನ್ಯೂಜೆರ್ಸಿ ಪ್ಲಾನ್ ಮಂಡಿಸಿದರು: ಎಲ್ಲ ರಾಜ್ಯಕ್ಕೂ ಒಂದೊಂದು ವೋಟು. ಮೇಲೆ ಒಂದೇ ಒಂದು ರಾಷ್ಟ್ರೀಯ ಕೋರ್ಟು ಸಾಕು, ಕೆಳಗಿನದನ್ನೆಲ್ಲ ರಾಜ್ಯಗಳ ಕೋರ್ಟುಗಳೇ ನೋಡಿಕೊಳ್ಳಲಿ. ನಾಲ್ಕೇ ದಿನದಲ್ಲಿ ಪ್ಲಾನ್ ಬಿದ್ದುಹೋಯಿತು. ಆದರೆ ಆ ಹಟದ ಫಲ ಇವತ್ತೂ ಇದೆ. ದೊಡ್ಡ ರಾಜ್ಯವಾಗಲಿ ಸಣ್ಣದಾಗಲಿ, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎಲ್ಲಕ್ಕೂ ಎರಡೇ ಸೀಟು.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. 1789ರಲ್ಲಿ ಅವರೇ ಸೆನೆಟರ್ ಆದರು. ಅದೇ ವರ್ಷದ ನ್ಯಾಯಾಂಗ ಕಾಯ್ದೆಯ ಕರಡಿನಲ್ಲಿ ಮೊದಲ ಒಂಬತ್ತು ಸೆಕ್ಷನ್‌ಗಳು ಅವರ ಕೈಬರಹದಲ್ಲಿವೆ. ಕೆಳಗಿನ ಫೆಡರಲ್ ಕೋರ್ಟುಗಳು ಹುಟ್ಟಿದ್ದೇ ಆ ಸೆಕ್ಷನ್‌ಗಳಲ್ಲಿ! ಎರಡು ವರ್ಷದ ಹಿಂದೆ ಅವು ಬೇಡವೆಂದವರು, ದೇಶಕ್ಕೆ ಬೇಕು ಅನ್ನಿಸಿದಾಗ ತಾವೇ ಕೂತು ಬರೆದರು. ರಾಜ್ಯದ ಕೋರ್ಟುಗಳನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ಹೊಸ ಮೆಟ್ಟಿಲು ಕಟ್ಟಿದರು. ಆಗ ಸುಪ್ರೀಂ ಕೋರ್ಟಿಗೆ 6 ಜಡ್ಜ್‌ಗಳು, ಕೆಳಗೆ 13 ಜಿಲ್ಲೆಗಳು. ಈಗ 9 ಜಡ್ಜ್‌ಗಳು, 94 ಜಿಲ್ಲೆಗಳು. ನ್ಯೂಜೆರ್ಸಿ ಇಡೀ ಒಂದೇ ಫೆಡರಲ್ ಜಿಲ್ಲೆ. ನ್ಯೂವಾರ್ಕ್, ಟ್ರೆಂಟನ್, ಕ್ಯಾಮ್ಡೆನ್‌ನಲ್ಲಿ ಕೋರ್ಟು ಕೂರುತ್ತದೆ, ಅಪೀಲು ಫಿಲಡೆಲ್ಫಿಯಾಕ್ಕೆ.

ನಮ್ಮ ದಿನನಿತ್ಯದ ತಾಪತ್ರಯ ಹೆಚ್ಚಿನವು ರಾಜ್ಯದ ಮೆಟ್ಟಿಲಿಗೇ ಹೋಗುತ್ತವೆ. ಸ್ಪೀಡಿಂಗ್ ಟಿಕೆಟ್ ಆದರೆ ಮುನಿಸಿಪಲ್ ಕೋರ್ಟು. ಡಿವೋರ್ಸು, ಮಕ್ಕಳ ಕಸ್ಟಡಿ, ಅಡ್ವಾನ್ಸ್ ವಾಪಸ್ ಕೊಡದ ಮನೆ ಓನರ್, ಇವೆಲ್ಲ ಸುಪೀರಿಯರ್ ಕೋರ್ಟು. ರಾಜ್ಯದ ಕಾನೂನಿನ ಮಾತಿಗೆ ನ್ಯೂಜೆರ್ಸಿ ಸುಪ್ರೀಂ ಕೋರ್ಟೇ ಕೊನೆ, ದೇಶದ ಸುಪ್ರೀಂ ಕೋರ್ಟಿರುವ ವಾಷಿಂಗ್ಟನ್‌ವರೆಗೂ ಹೋಗುತ್ತೇನೆ ಅಂದರೆ ಆಗುವುದಿಲ್ಲ. ವೀಸಾ ಅರ್ಜಿ ವಿಪರೀತ ತಡವಾಯಿತೆಂದು ಸರ್ಕಾರದ ಮೇಲೆ ಕೇಸು ಹಾಕುವುದಾದರೆ ಫೆಡರಲ್. ಇಮಿಗ್ರೇಷನ್ ಕೋರ್ಟ್ ಮಾತ್ರ ಎರಡೂ ಅಲ್ಲ, ಅದು ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯ ಕೆಳಗಿದೆ. ಹೆಸರು ನೋಡಿ ಮೋಸಹೋಗಬೇಡಿ.

ಈಗ ಆ ಲಕೋಟೆ. ಜ್ಯೂರಿ ಪಟ್ಟಿಗೆ ಡ್ರೈವಿಂಗ್ ಲೈಸೆನ್ಸ್ ಮತ್ತು ಟ್ಯಾಕ್ಸ್ ದಾಖಲೆಗಳಿಂದಲೂ ಹೆಸರು ತೆಗೆದುಕೊಳ್ಳುತ್ತಾರೆ. ಹಾಗಾಗಿ ಜ್ಯೂರಿಯಲ್ಲಿ ಕೂರುವಂತಿಲ್ಲದ, ಸಿಟಿಜನ್ ಅಲ್ಲದವರಿಗೂ ಕರೆ ಬರುತ್ತದೆ. ಸುಮ್ನೆ ಕಸದಬುಟ್ಟಿಗೆ ಹಾಕಬೇಡಿ, ಉತ್ತರ ಕೊಡದಿದ್ದರೆ ದಂಡ ಬೀಳಬಹುದು. ಪ್ರಶ್ನಾವಳಿಯಲ್ಲಿ ಸಿಟಿಜನ್ ಅಲ್ಲ ಅಂತ ಗುರುತು ಹಾಕಿ ಕಳಿಸಿ. ಗ್ರೀನ್ ಕಾರ್ಡ್ ಇದ್ದರೂ ಅದೇ ಉತ್ತರ. ಅವಸರದಲ್ಲಿ ಸಿಟಿಜನ್ ಅಂತ ಒತ್ತಿಬಿಟ್ಟರೆ ಮುಂದೆ ಇಮಿಗ್ರೇಷನ್‌ನಲ್ಲಿ ತುಂಬ ತೊಂದರೆ. ದಯವಿಟ್ಟು ಎರಡು ಸಲ ಓದಿ.

ಜಡ್ಜ್‌ಗಳನ್ನು ನೇಮಿಸುವ ರೀತಿಯೂ ಎರಡು. ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು, ಹುದ್ದೆ ಆಜೀವ. ನ್ಯೂಜೆರ್ಸಿಯಲ್ಲಿ ಗವರ್ನರ್ ಹೆಸರಿಸುತ್ತಾರೆ: ಸುಪೀರಿಯರ್ ಕೋರ್ಟಿಗೆ ಮೊದಲು 7 ವರ್ಷ, ಮತ್ತೆ ನೇಮಿಸಿದರೆ 70ನೇ ವಯಸ್ಸಿನವರೆಗೆ. ಟೆಕ್ಸಾಸ್‌ನಂಥ ಕಡೆ ಜನರೇ ವೋಟು ಹಾಕಿ ಆರಿಸುತ್ತಾರೆ.

ಪ್ಯಾಟರ್ಸನ್ ನೇಮಕ ಸುಲಭವಾಗಿ ಆಗಲಿಲ್ಲ. ಸೆನೆಟ್ ಬಿಟ್ಟು ಗವರ್ನರ್ ಆಗಿದ್ದ ಅವರನ್ನು ಜಾರ್ಜ್ ವಾಷಿಂಗ್ಟನ್ 1793ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ಸೆನೆಟರ್ ಆಗಿ ಆರಿಸಿಬಂದ ಅವಧಿಯೊಳಗೆ ಸೃಷ್ಟಿಯಾದ ಹುದ್ದೆಗೆ, ಆ ಅವಧಿ ಮುಗಿಯುವವರೆಗೆ ಅವರನ್ನು ನೇಮಿಸುವಂತಿಲ್ಲ ಅನ್ನುತ್ತದೆ ಸಂವಿಧಾನ. ಸುಪ್ರೀಂ ಕೋರ್ಟಿನ ಹುದ್ದೆಗಳು ಹುಟ್ಟಿದ್ದು ಅದೇ 1789ರ ಕಾಯ್ದೆಯಿಂದ, ಪ್ಯಾಟರ್ಸನ್ ರಾಜೀನಾಮೆ ಕೊಟ್ಟಿದ್ದರೂ ಅವರ ಸೆನೆಟ್ ಅವಧಿ ಇನ್ನೂ ಕೆಲವು ದಿನ ಬಾಕಿ ಇತ್ತು. ಮರುದಿನವೇ ವಾಷಿಂಗ್ಟನ್ ಹೆಸರು ವಾಪಸ್ ಪಡೆದರು. ಅವಧಿ ಮುಗಿದ ಕೂಡಲೇ, ಮಾರ್ಚ್ 4ರಂದು ಮತ್ತೆ ಕಳಿಸಿದರು, ಸೆನೆಟ್ ಅವತ್ತೇ ಒಪ್ಪಿತು. 1806ರಲ್ಲಿ ಸಾಯುವವರೆಗೂ ಪ್ಯಾಟರ್ಸನ್ ಅದೇ ಹುದ್ದೆಯಲ್ಲಿದ್ದರು.