ಬೇಸಿಗೆಯಲ್ಲಿ ಅಳಿವೆ ಬಾಯಲ್ಲಿ ಗಾಳ ಹಾಕೋದು ಹೇಗೆ?

ಅಳಿವೆ ಬಾಯಲ್ಲಿ, ಅಂದರೆ ನದಿ ಕಡಲು ಸೇರುವ ಜಾಗದಲ್ಲಿ, ಏಪ್ರಿಲ್, ಮೇ ಬಿಸಿಲಲ್ಲಿ ಮಧ್ಯಾಹ್ನ ಗಾಳ ಹಿಡಿದು ಸುಮ್ನೆ ಕೂರಬೇಡಿ. ದಡದ ನೀರು ಕಾದಿರುತ್ತದೆ, ಮೀನು ಆಳಕ್ಕೆ ಇಳಿದಿರುತ್ತದೆ, ಸಾಲದ್ದಕ್ಕೆ ಕಡಲಗಾಳಿ ಎದ್ದು ದಾರ ನೆಟ್ಟಗೆ ನಿಲ್ಲೋದೇ ಇಲ್ಲ. ಬೆಳಕು ಹರಿಯುವ ಮೊದಲೇ ಹೋಗಿ.

ಎಲ್ಲಕ್ಕಿಂತ ಮುಖ್ಯ ಉಬ್ಬರ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ನಿನ್ನೆಯ ಹೊತ್ತಿಗೇ ಇವತ್ತೂ ಹೋದರೆ ಆಗಲ್ಲ. ಕುಂದಾಪುರ ಹತ್ತಿರದ ಗಂಗೊಳ್ಳಿಯಂಥ ಅಳಿವೆಯಲ್ಲಿ ನೀರು ಏರುವ ಕೊನೆಯ ಎರಡು ಗಂಟೆ ನನಗೆ ತುಂಬಾ ಇಷ್ಟ. ಸಣ್ಣ ಮೀನು ಒಳಗೆ ಬರುತ್ತವೆ, ಅವುಗಳನ್ನು ತಿನ್ನೋಕೆ ಹಿಂದೆಯೇ ಕೆಂಬೇರಿ ಅನ್ನೋ ದೊಡ್ಡ ಮೀನು ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜಾಸ್ತಿ, ಆಗ ದಾರ ಕೊಚ್ಚಿ ಹೋಗದಂತೆ ಭಾರದ ಸೀಸದ ಗುಂಡು ಕಟ್ಟಿ.

ಜೀವಂತ ಸಿಗಡಿಯನ್ನು ಬಾಲದ ಹತ್ತಿರ ಚುಚ್ಚಿ. ನೀರಿಗೆ ಬಿದ್ದ ಮೇಲೂ ಅದು ಕಾಲಾಡಿಸುತ್ತಾ ಈಜುತ್ತಿರಬೇಕು, ಆಗಲೇ ದೊಡ್ಡ ಮೀನು ನಂಬೋದು. ಕಾಣೆ ಮೀನು ಬೇಕಾದರೆ ಮರಳಿನ ತಳ ಹುಡುಕಿ, ಸಣ್ಣ ಕೊಕ್ಕೆಗೆ ಸಿಗಡಿ ಚೂರು ಸಾಕು.

ಮೇ ಕೊನೆಗೆ ಅಲೆ ದೊಡ್ಡದಾಗುತ್ತದೆ. ಪಾಚಿ ಕಟ್ಟಿದ ಬಂಡೆ ಹತ್ತಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರೋದರಿಂದ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯಲ್ಲ, ಆಗ ಬಂಡೆ ಮೇಲೆ ನಮಗೇನು ಕೆಲಸ ಅಲ್ವಾ? ಮರಿ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ, ವಾಪಸ್ ನೀರಿಗೆ ಬಿಡಿ.